ಸಾಲಿನ ನಾಲ್ಕು ಕಲ್ಲು: ಹಳೆಯ ಸಮಾಧಿ ಜಾಗದಲ್ಲಿ ಹದಿನಾರು ವಾರದ ಕೆಲಸ

ಕೆಲಸ ಪೂರ್ತಿ ಮುಗಿದಿಲ್ಲ. ಒಟ್ಟು 43 ಕಲ್ಲುಗಳಲ್ಲಿ 31 ಓದಿದ್ದೇವೆ. ಐದು ಕಲ್ಲು ಓದಲು ಆಗದಷ್ಟು ಸವೆದಿವೆ. ಉಳಿದ ಏಳನ್ನು ಮಳೆಗಾಲ ಮುಗಿದ ಮೇಲೆ ನೋಡಬೇಕು. ಆದರೆ ನಮ್ಮ ಮನೆಯವರ ನಾಲ್ಕು ಕಲ್ಲಿನ ಕೆಲಸ ಮುಗಿದಿದೆ. ಮರೆಯುವ ಮೊದಲು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಮಾಡಿದ ತಪ್ಪುಗಳನ್ನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ, ಯಾಕಂದ್ರೆ ಅವುಗಳಲ್ಲಿ ಒಂದನ್ನು ಸರಿಮಾಡಲು ಬರುವುದಿಲ್ಲ.

ಜಾಗ ಹುಬ್ಬಳ್ಳಿಯಿಂದ ಮುಕ್ಕಾಲು ತಾಸಿನ ದಾರಿ. ಬಾಸೆಲ್ ಮಿಶನ್ ಅಂದ್ರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನ್, ಅದರ ಕಾಲದ ಸಮಾಧಿ ಭೂಮಿ. ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ನಮ್ಮ ಅವ್ವನ ಕಡೆಯವರು ನೇಕಾರರು, ಆ ಕ್ರೈಸ್ತ ಸಭೆಗೆ ಸೇರಿದವರು. ಈ ಜಾಗದಲ್ಲಿ ಮಣ್ಣು ಕೊಡುವುದು ನಿಂತು ಎಷ್ಟೋ ವರ್ಷ ಆಗಿದೆ. ಹೊಸ ಜಾಗ ಬೇರೆ ಕಡೆ ಇದೆ. ಹೀಗಾಗಿ ಇಲ್ಲಿಗೆ ಯಾರೂ ಬರುವುದಿಲ್ಲ.

ನಾನು ಶುರು ಮಾಡಿದ್ದು ದೊಡ್ಡವ್ವನ ಒಂದು ಮಾತಿನಿಂದ. ಅವಳಿಗೀಗ 84. ಅವಳ ಮುತ್ಯಾನ ಬಗ್ಗೆ ಮನೆಯಲ್ಲಿ ಒಂದೇ ಕಥೆ ಇತ್ತು: "ಮುತ್ಯಾನ ಮನಿ ಸೂರು ತೆಗೆಸಿದ್ರಂತ. ಆಮ್ಯಾಲ ಊರು ಬಿಟ್ಟಾನ." ಸೂರು ತೆಗೆಸಿದರು ಅಂದ್ರೆ ಸಾಲ ಕೊಟ್ಟವರು ಹಂಚು ಇಳಿಸಿಕೊಂಡು ಹೋದರು ಅಂತಲೇ ಎಲ್ಲರೂ ತಿಳಿದಿದ್ದೆವು. ಮದುವೆ ಮಾತುಕತೆಯಲ್ಲಿ ಯಾರಾದರೂ ಮುತ್ಯಾನ ಹೆಸರು ಎತ್ತಿದರೆ ಹಿರಿಯರು ಮಾತು ಬದಲಿಸುತ್ತಿದ್ದರು. ನಾನೇ ನೋಡಿದ್ದೇನೆ.

1. ಅನುಮತಿ (ಜನವರಿ 11, 2025)

ಮೊದಲ ಕೆಲಸ ಕುಡುಗೋಲು ಹಿಡಿಯುವುದಲ್ಲ, ಅರ್ಜಿ ಬರೆಯುವುದು. ಸಭಾಪಾಲಕರಿಗೂ (ಪಾದ್ರಿಗಳಿಗೂ) ಸಭೆಯ ಕಮಿಟಿಗೂ ಒಂದು ಪುಟದ ಅರ್ಜಿ ಕೊಟ್ಟೆ. ಅದರಲ್ಲಿ ನಾಲ್ಕು ಮಾತು ಕೊಟ್ಟಿದ್ದೆ: ಕಲ್ಲು ಎತ್ತಿ ಬೇರೆ ಕಡೆ ಇಡುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಅಗೆಯುವುದಿಲ್ಲ, ಎಲ್ಲ ಫೋಟೊಗಳ ಒಂದು ಪ್ರತಿ ಸಭೆಗೆ ಕೊಡುತ್ತೇನೆ. ಸಹಿ ಆಗಿ ಬರಲು ಹತ್ತು ದಿನ ಹಿಡಿಯಿತು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಎರಡು ಸಲ ಕೆಲಸಕ್ಕೆ ಬಂತು. ಹಾಳು ಬಿದ್ದ ಸ್ಮಶಾನದಲ್ಲಿ ಅಪರಿಚಿತರು ಟಾರ್ಚು ಹಿಡಿದು ಓಡಾಡಿದರೆ ಊರವರು ಕೇಳೇ ಕೇಳುತ್ತಾರೆ. ನಿಧಿ ಹುಡುಕುವವರು ಅಂತ ಅನುಮಾನ ಬರುವುದು ಸಹಜ.

2. ಕಂಟಿ ತೆಗೆದದ್ದು (ಜನವರಿ 25, 26)

ಜಾಗ ಸುಮಾರು 22 ಮೀಟರ್ ಅಗಲ, 34 ಮೀಟರ್ ಉದ್ದ. ಏಳು ಗುಂಟೆ ಅನ್ನಿ. ಮುಕ್ಕಾಲು ಭಾಗ ಬಳ್ಳಾರಿ ಜಾಲಿ, ಉಳಿದದ್ದು ಲಂಟಾನ. ಹೊರಗಿನಿಂದ ಆರು ಕಲ್ಲು ಮಾತ್ರ ಕಾಣುತ್ತಿದ್ದವು.

ಜೆಸಿಬಿ ತಂದರೆ ಅರ್ಧ ದಿನದ ಕೆಲಸ ಅಂತ ಒಬ್ಬರು ಹೇಳಿದರು. ಬೇಡ ಅಂದೆ. ಮಣ್ಣಿನ ಮೇಲೆ ಮಲಗಿದ ಫರಸಿ ಕಲ್ಲು ಎರಡು ಇಂಚು ದಪ್ಪ ಅಷ್ಟೇ, ಗಾಲಿ ಹತ್ತಿದರೆ ಮುಗೀತು. ಇಬ್ಬರು ಆಳು, ನಾನು, ತಂಗಿಯ ಮಗ. ಕೊಡಲಿ, ಕುಡುಗೋಲು, ಕುರುಪಿ, ದಪ್ಪ ಚರ್ಮದ ಕೈಗವಸು. ಜಾಲಿ ಮುಳ್ಳು ಚಪ್ಪಲಿ ದಾಟಿ ಬರುತ್ತದೆ, ಬೂಟು ಬೇಕೇ ಬೇಕು. ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಕೋಲಿನಿಂದ ಪೊದೆ ಬಡಿದು ಹತ್ತು ನಿಮಿಷ ಕಾಯುತ್ತಿದ್ದೆವು, ಹಾವು ಇದ್ದರೆ ದಾರಿ ಬಿಡಲಿ ಅಂತ.

ಇಲ್ಲಿ ಮೊದಲ ತಪ್ಪು. ಒಂದು ಜಾಲಿ ಬುಡವನ್ನು ಬೇರು ಸಮೇತ ಕೀಳಲು ಹಾರೆ ಹಾಕಿಸಿದೆ. ಬೇರು ಪಕ್ಕದ ಕಲ್ಲಿನ ಅಡಿಗೆ ಹೋಗಿತ್ತು. ಬುಡ ಎದ್ದ ಕೂಡಲೇ ಕಲ್ಲು ಟಪ್ ಅಂತ ಎರಡಾಯಿತು. ಅದು ನಮ್ಮ ಸಾಲಿನ ಒಂದನೇ ಕಲ್ಲು. ಆಮೇಲೆ ಯಾವ ಬುಡವನ್ನೂ ಕಿತ್ತಿಲ್ಲ. ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟೆವು. ತಿಂಗಳಿಗೊಮ್ಮೆ ಚಿಗುರು ಮುರಿಯುತ್ತೇವೆ. ನಿಧಾನದ ಕೆಲಸ, ಆದರೆ ಕಲ್ಲು ಉಳಿಯುತ್ತದೆ.

3. ನಕ್ಷೆ (ಫೆಬ್ರುವರಿ 1)

ಮೊಬೈಲಿನ ಜಿಪಿಎಸ್‌ನಲ್ಲಿ ಪ್ರತಿ ಕಲ್ಲಿನ ಜಾಗ ಗುರುತಿಸಿದೆ. ಮನೆಗೆ ಬಂದು ನೋಡಿದರೆ ಎಲ್ಲ ಕಲಸುಮೇಲೋಗರ. ಎರಡು ಸಾಲು ಒಂದರ ಮೇಲೊಂದು ಕೂತಿವೆ. ಮೊಬೈಲು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಸಮಾಧಿಗಳ ನಡುವಿನ ಅಂತರ ಒಂದೂವರೆ ಮೀಟರ್. ಕೆಲಸಕ್ಕೆ ಬರಲಿಲ್ಲ.

ಹಳೆಯ ರೀತಿಯೇ ಸರಿ ಹೋಯಿತು. ಎರಡು ಸ್ಥಿರ ಗುರುತು ಹಿಡಿದೆವು: ಗೇಟಿನ ಎಡಗಂಬ ಮತ್ತು ಬಾವಿಯ ಕಟ್ಟೆಯ ಮೂಲೆ. ಪ್ರತಿ ಕಲ್ಲಿನ ತಲೆಯಿಂದ ಎರಡಕ್ಕೂ 30 ಮೀಟರ್ ಟೇಪಿನಲ್ಲಿ ಅಳತೆ. ಮನೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಕೈವಾರದಿಂದ ಎರಡು ಗೆರೆ ಎಳೆದರೆ ಕೂಡುವ ಕಡೆ ಕಲ್ಲು. ಮೊದಲು ಬೇವಿನ ಮರವನ್ನು ಗುರುತು ಹಿಡಿಯೋಣ ಅಂತಿದ್ದೆ. ಮರ ದಪ್ಪ ಆಗುತ್ತದೆ, ನಾಳೆ ಯಾರಾದರೂ ಕಡಿಯಲೂಬಹುದು. ಕಟ್ಟೆಯೇ ಮೇಲು.

ನಂಬರನ್ನು ಕಲ್ಲಿನ ಮೇಲೆ ಬರೆಯಬೇಡಿ. ಬಿದಿರು ಗೂಟಕ್ಕೆ ಅಲ್ಯೂಮಿನಿಯಂ ತಗಡಿನ ಚೂರು ಕಟ್ಟಿ, ಅದರ ಮೇಲೆ ಮೊಳೆಯಿಂದ ಗೀಚಿದರೆ ಸಾಕು. ಪೆನ್ನಿನ ಬರಹ ಎರಡು ವಾರದಲ್ಲಿ ಬಿಸಿಲಿಗೆ ಹಾರಿಹೋಯಿತು.

4. ತೊಳೆದದ್ದು (ಫೆಬ್ರುವರಿ 8ರಿಂದ 16)

ಹೆಚ್ಚಿನವು ಶಹಾಬಾದ್ ಫರಸಿ. ಏಳೆಂಟು ಮಾತ್ರ ಗಟ್ಟಿ ಕರಿಕಲ್ಲು. ಫರಸಿಯ ಮೇಲೆ ವರ್ಷ ವರ್ಷ ಹಬ್ಬಕ್ಕೆ ಬಳಿದ ಸುಣ್ಣ ಪದರ ಪದರವಾಗಿ ಕೂತು ಅಕ್ಷರದ ತಗ್ಗೆಲ್ಲ ತುಂಬಿಕೊಂಡಿತ್ತು. ಪ್ರೀತಿಯಿಂದ ಬಳಿದ ಸುಣ್ಣವೇ ಹೆಸರು ಮುಚ್ಚಿಬಿಟ್ಟಿತ್ತು.

ಈಗ ಆ ಸರಿಮಾಡಲಾಗದ ತಪ್ಪು. 12ನೇ ಕಲ್ಲಿನ ಮೇಲೆ ಸುಣ್ಣ ಏನು ಮಾಡಿದರೂ ಬರಲಿಲ್ಲ. ಪಾಯಖಾನೆ ತೊಳೆಯುವ ಆಸಿಡ್ ನೀರಿಗೆ ಬೆರೆಸಿ ಒಂದು ಮೂಲೆಗೆ ಹಾಕಿದೆ. ಬುಸ್ ಅಂತ ನೊರೆ ಎದ್ದಿತು. ಕೊಳೆ ಹೋಗುತ್ತಿದೆ ಅಂದುಕೊಂಡೆ. ನೊರೆ ಎದ್ದದ್ದು ಕಲ್ಲೇ ಕರಗಿ. ಶಹಾಬಾದ್ ಕಲ್ಲು ಅಂದ್ರೆ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಕೂಡಲೇ ನಾಲ್ಕು ಕೊಡ ನೀರು ಸುರಿದೆ. ಅಷ್ಟರಲ್ಲಿ ಅಂಗೈಯಗಲದ ಜಾಗ ಬೆಳ್ಳಗೆ ಒರಟಾಗಿ, ಕೊನೆಯ ಸಾಲಿನ ಮೂರು ಅಕ್ಷರ ಹೋದವು. ಅದು ನಮ್ಮ ಮನೆಯ ಕಲ್ಲೂ ಅಲ್ಲ, ಬೇರೆ ಯಾರದೋ ಮನೆಯ ಹಿರಿಯರದು. ಮರುದಿನ ಕಮಿಟಿಯವರಿಗೆ ಹೋಗಿ ಹೇಳಿದೆ. ದಾಖಲೆಯ ಪಟ್ಟಿಯಲ್ಲಿ 12ನೇ ನಂಬರಿನ ಮುಂದೆ "ಮೂರು ಅಕ್ಷರ 2025ರಲ್ಲಿ ನನ್ನ ಕೈಯಿಂದ ಹೋದವು" ಅಂತ ಬರೆದಿದ್ದೇನೆ. ಮುಂದೆ ಓದುವವರು ಅದು ಮಳೆಗೆ ಸವೆದದ್ದು ಅಂದುಕೊಳ್ಳಬಾರದು. ಆಸಿಡ್, ಬ್ಲೀಚಿಂಗ್ ಪುಡಿ, ಸೋಪಿನ ಪುಡಿ, ತಂತಿ ಬ್ರಷ್, ಪ್ರೆಶರ್ ಪಂಪು ಯಾವುದೂ ಬೇಡ.

ಕೊನೆಗೆ ಸರಿ ಹೋದ ರೀತಿ ಇದು. ಹಿಂದಿನ ಸಂಜೆ ಕಲ್ಲಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಬಿಡುವುದು. ಬೆಳಗ್ಗೆ ಸುಣ್ಣ ಮೆತ್ತಗಾಗಿರುತ್ತದೆ. ಬಿದಿರು ಕಡ್ಡಿಯನ್ನು ಚಪ್ಪಟೆಯಾಗಿ ಸೀಳಿ, ಅದರಿಂದ ಪದರ ಎಬ್ಬಿಸುವುದು. ಮೆದು ನಾರಿನ ಬ್ರಷ್‌ನಿಂದ, ಕೆಳಗಿನಿಂದ ಮೇಲಕ್ಕೆ ತಿಕ್ಕುವುದು, ಮೇಲಿಂದ ಕೊಳೆನೀರು ಇಳಿದು ಕಲೆ ಆಗಬಾರದು ಅಂತ. ಒಂದು ಕಲ್ಲಿಗೆ ಒಂದೂವರೆ ತಾಸು. ಅಕ್ಷರದ ಅಂಚು ಪುಡಿ ಪುಡಿ ಆಗುತ್ತಿದ್ದರೆ ಅಲ್ಲಿಗೇ ನಿಲ್ಲಿಸುವುದು. ನೀರು ಹೊಡೆಯಲು ಹೊಸ ಸ್ಪ್ರೇಯರ್ ತಂದೆವು. ಹೊಲದಲ್ಲಿ ಔಷಧಿ ಹೊಡೆದ ಪಂಪಿನಲ್ಲಿ ಏನೇನು ಉಳಿದಿರುತ್ತದೋ ಯಾರಿಗೆ ಗೊತ್ತು.

5. ಸೀಮೆಸುಣ್ಣದ ತಪ್ಪು (ಫೆಬ್ರುವರಿ 22)

ಬಾವಿಯ ಕಡೆಯ ಮೂರನೇ ಸಾಲಿನಲ್ಲಿ ನಾಲ್ಕು ಕಲ್ಲು ಒಟ್ಟಿಗೆ ಇದ್ದವು. ಮೂರು ಒಂದೇ ಅಳತೆ, ಎರಡು ಅಡಿ ಉದ್ದ ಒಂದೂವರೆ ಅಡಿ ಅಗಲ. ನಾಲ್ಕನೆಯದು ಅದರ ಅರ್ಧ. ಮೊದಲನೆಯದರ ಮೇಲೆ ನಮ್ಮ ಮನೆತನದ ಹೆಸರು ಸ್ಪಷ್ಟವಾಗಿತ್ತು. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಕೆಳಗೆ "ವಯಸ್ಸು ೫೪" ಅಂತಲೂ ಓದಲು ಬಂತು. ವರ್ಷ ಮಾತ್ರ ಮಸುಕು.

ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿದೆ. ಶಾಲೆಯಲ್ಲಿ ಕಾಯಿನ್ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ಬಿಳಿಯಲ್ಲಿ ಅಂಕಿ ಎದ್ದು ಬಂತು: ೧೮೬೮. ಉಳಿದ ಮೂರಕ್ಕೂ ಅದನ್ನೇ ಮಾಡಿದೆ, ಅದೇ ವರ್ಷ ಬಂತು. ಮೂರನೇ ಕಲ್ಲಿನ ಅಡಿಯಲ್ಲಿ ಬೈಬಲ್ ವಚನದ ಗುರುತು: "ಕೀರ್ತನೆ ೬೦". ಫೋಟೊ ತೆಗೆದು, ಪುಸ್ತಕದಲ್ಲಿ ಬರೆದು, ಖುಷಿಯಿಂದ ಮನೆಗೆ ಬಂದೆ.

ಸೀಮೆಸುಣ್ಣದ ತೊಂದರೆ ಏನಂದ್ರೆ, ಅದಕ್ಕೆ ಅಕ್ಷರ ಯಾವುದು ಬಿರುಕು ಯಾವುದು ಗೊತ್ತಾಗುವುದಿಲ್ಲ. ಎಲ್ಲದರ ಅಂಚಿಗೂ ಹಿಡಿಯುತ್ತದೆ. ಕನ್ನಡದ ೬ ಮತ್ತು ೯ಕ್ಕೆ ಮೈಕಟ್ಟು ಹೆಚ್ಚು ಕಡಿಮೆ ಒಂದೇ, ಬಾಲದಲ್ಲಷ್ಟೇ ವ್ಯತ್ಯಾಸ. ಬಾಲದ ಜಾಗದಲ್ಲಿ ಕಲ್ಲು ಒರಟಾಗಿದ್ದರೆ ಸೀಮೆಸುಣ್ಣ ತನಗೆ ತೋಚಿದ ಬಾಲ ಬರೆಯುತ್ತದೆ. ಇದು ನನಗೆ ಗೊತ್ತಾಗಲು ಐದು ವಾರ ಬೇಕಾಯಿತು.

6. ಐದು ವಾರ ತಪ್ಪು ದಾರಿ (ಮಾರ್ಚ್ 1ರಿಂದ 29)

1868 ಅಂದರೆ ಮುತ್ಯಾ ಹುಟ್ಟುವುದಕ್ಕೂ ಮೊದಲು. ಇವರು ಅದಕ್ಕಿಂತ ಹಿಂದಿನ ತಲೆಮಾರು ಅಂತ ಲೆಕ್ಕ ಹಾಕಿದೆ. ಸಭೆಯ ಹಳೆಯ ರಿಜಿಸ್ಟರುಗಳು ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಸಭಾಪಾಲಕರು ಶನಿವಾರ ಮಧ್ಯಾಹ್ನ ಎರಡು ತಾಸು ನೋಡಲು ಬಿಟ್ಟರು. ಪೆನ್ನು ಇಲ್ಲ, ಪೆನ್ಸಿಲ್ ಮಾತ್ರ. ಜೆರಾಕ್ಸ್ ಇಲ್ಲ, ಪುಸ್ತಕ ಅಗಲಿಸಿ ಒತ್ತಿದರೆ ಬೆನ್ನು ಮುರಿಯುತ್ತದೆ. ಎರಡೂ ಕಡೆ ಬಟ್ಟೆಯ ಸುರುಳಿ ಕೊಟ್ಟು ಅರ್ಧ ತೆರೆದು ಮೊಬೈಲಿನಲ್ಲಿ ಫೋಟೊ. ಕಾಲಂಗಳು: ಹೆಸರು, ವಯಸ್ಸು, ಸತ್ತ ದಿನ, ಹೂಣಿದ ದಿನ, ಕಾರಣ, ಯಾರು ನಡೆಸಿಕೊಟ್ಟರು.

1868ರಲ್ಲಿ ನಮ್ಮ ಹೆಸರು ಇಲ್ಲ. 1867, 1869 ನೋಡಿದೆ, ಇಲ್ಲ. ಒಂದು ಕಡೆ ಹಾಳೆ ಹರಿದಿತ್ತು. ನಮ್ಮವರು ಆ ಹಾಳೆಯಲ್ಲೇ ಇದ್ದಿರಬೇಕು ಅಂತ ತೀರ್ಮಾನಿಸಿಬಿಟ್ಟೆ. ಇದು ಆಸಿಡ್‌ಗಿಂತ ದೊಡ್ಡ ತಪ್ಪು ಅಂತ ಈಗ ಅನಿಸುತ್ತದೆ. ಸಿಗಬೇಕಾದದ್ದು ಸಿಗದಿದ್ದಾಗ ನನ್ನ ಓದನ್ನು ಅನುಮಾನಿಸಬೇಕಿತ್ತು. ನಾನು ಹಾಳೆಯನ್ನು ಅನುಮಾನಿಸಿದೆ.

ಅದಕ್ಕೆ ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಮುತ್ಯಾನ ಹಳೆಯ ಮನೆಯ ಜಾಗ ಈಗ ಹಾಳು ಗೋಡೆ. ಉತಾರದಲ್ಲಿ ಎಂದೋ ಬೇರೆಯವರ ಹೆಸರಿಗೆ ಹೋಗಿದೆ. ಅವರನ್ನು ಕೇಳಿ ಒಳಗೆ ಹೋದೆ. ಮಣ್ಣಿನಲ್ಲಿ ಒಂದು ಹಂಚಿನ ಚೂರು, ಮೇಲೆ ಬಾಸೆಲ್ ಮಿಶನ್ನಿನ ಅಚ್ಚು, ಪಕ್ಕದಲ್ಲಿ 1865. ಅಲ್ಲಿಗೆ ಮನೆ 1865ರದ್ದು, ಸಾವು 1868ರದ್ದು, ಎಲ್ಲ ಕೂಡಿತು ಅಂದುಕೊಂಡೆ. ಮನೆಯವರ ವಾಟ್ಸಾಪ್ ಗುಂಪಿಗೆ ವಂಶಾವಳಿಯ ಹೊಸ ಹಾಳೆ ಹಾಕಿದೆ. ಅರುವತ್ತು ಜನ ಇದ್ದಾರೆ ಅದರಲ್ಲಿ.

1865 ಅನ್ನುವುದು ಮಂಗಳೂರಿನ ಜೆಪ್ಪಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಕಾರ್ಖಾನೆಯ ಗುರುತಿನ ಜೊತೆ ಆ ವರ್ಷವನ್ನೂ ಅಚ್ಚು ಹಾಕುತ್ತಿದ್ದರು. ಹಂಚು ಎಷ್ಟೋ ವರ್ಷ ಆಮೇಲೆ ಸುಟ್ಟದ್ದಿರಬಹುದು. ಹಳೆಯ ಮನೆ ನೋಡುವವರು ಇದೊಂದನ್ನು ನೆನಪಿಡಿ, ಹಂಚಿನ ಮೇಲಿನ ವರ್ಷ ಮನೆಯ ವರ್ಷ ಅಲ್ಲ. ಎರಡು ತಪ್ಪು ಒಂದಕ್ಕೊಂದು ಆಸರೆಯಾಗಿ ನಿಂತುಬಿಟ್ಟಿದ್ದವು.

7. ರಾತ್ರಿ ಬೆಳಕು (ಏಪ್ರಿಲ್ 5)

ಕಮಿಟಿಗೆ ಕೊಡಲು ಒಳ್ಳೆಯ ಫೋಟೊ ಬೇಕಿತ್ತು. ಅದಕ್ಕಾಗಿ ರಾತ್ರಿ ಹೋದೆವು. ಸೀಮೆಸುಣ್ಣವನ್ನು ಮೊದಲೇ ತೊಳೆದಿದ್ದೆ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಕಲ್ಲಿಗೆ ನೇರ ಮೇಲೆ ನಿಲ್ಲಿಸುವುದು. ಟಾರ್ಚನ್ನು ಮಾತ್ರ ನೆಲಕ್ಕೆ ತಾಗುವಷ್ಟು ಕೆಳಗೆ, ಪಕ್ಕದಿಂದ ಹಿಡಿಯುವುದು. ಗಡಿಯಾರದ ಮುಳ್ಳಿನ ಹಾಗೆ ಸುತ್ತಲೂ ಎಂಟು ಕಡೆಯಿಂದ ಎಂಟು ಫೋಟೊ. ಮೊಬೈಲು ಅಲುಗಬಾರದು. ಕೆತ್ತಿದ ಗೆರೆಗೆ ಒಂದು ಕಡೆ ನೆರಳು, ಇನ್ನೊಂದು ಕಡೆ ಹೊಳಪು ಬರುತ್ತದೆ. ಬಿರುಕಿನ ನೆರಳು ಹರಕು ಮುರುಕು, ಉಳಿಯ ಗೆರೆಯ ನೆರಳು ಒಂದೇ ಸಮ. ಮೂರು ರಾತ್ರಿ ನೋಡಿದ ಮೇಲೆ ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ. ಇಳಿಬಿಸಿಲಿನಲ್ಲಿ ಕನ್ನಡಿ ಹಿಡಿದರೂ ಹೀಗೇ ಕಾಣುತ್ತದೆ, ಆದರೆ ಬೆಳಕು ಇಪ್ಪತ್ತೇ ನಿಮಿಷ ಸಿಗುತ್ತದೆ.

ಮೂರನೇ ಕಲ್ಲಿನಲ್ಲಿ, ಮೊದಲು ಕಾಣದ ಒಂದು ಶಬ್ದ ಎದ್ದು ಬಂತು: "ದಿನಗಳನ್ನು". ಅದರ ಆಚೆ ಈಚೆ ಸವೆದಿದೆ. ದೊಡ್ಡವ್ವನಿಗೆ ಕೀರ್ತನೆಗಳೆಲ್ಲ ಬಾಯಿಪಾಠ. ಅಲ್ಲಿಂದಲೇ ಫೋನ್ ಮಾಡಿದೆ. ಅರುವತ್ತನೇ ಕೀರ್ತನೆಯಲ್ಲಿ ದಿನಗಳು ಅಂತ ಎಲ್ಲಿ ಬರುತ್ತದೆ ಅಂತ ಕೇಳಿದೆ.

"ಅರವತ್ತರಾಗ ಎಲ್ಲಿ ಬರ್ತೈತಿ ತಮ್ಮಾ? ಅದು ತೊಂಬತ್ತನೇದು. ಮಣ್ಣ ಕೊಡುವಾಗ ಓದೂದು ಅದ ಅಲ್ಲೇನು?"

ಫೋನು ಸ್ಪೀಕರಿನಲ್ಲಿತ್ತು. ತಂಗಿಯ ಮಗ ಟಾರ್ಚು ಹಿಡಿದು ಕೂತಿದ್ದವನು ಬಗ್ಗಿ ಕಲ್ಲನ್ನೇ ನೋಡುತ್ತಿದ್ದ. "ಮಾಮಾ, ಕೀರ್ತನೆದ ಅಂಕಿ, ವರ್ಷದ ಅಂಕಿ ಎರಡೂ ಒಂದ ಥರ ಅದಾವ ನೋಡ್ರಿ."

ನೋಡಿದೆ. ಒಬ್ಬನೇ ಕಲ್ಲುಕುಟಿಗನ ಕೈ. ಒಂದೇ ಉಳಿ. ವಚನದಲ್ಲಿ ಇರುವುದು ೯೦ ಆದರೆ, ಅದೇ ಆಕಾರ ಇರುವ ವರ್ಷದ ಅಂಕಿಯೂ ೯. ೧೮೬೮ ಅಲ್ಲ, ೧೮೯೮. ಬಾಲದ ತುದಿ ಟಾರ್ಚಿನ ಬೆಳಕಿನಲ್ಲಿ ಸಣ್ಣದಾಗಿ, ಆದರೆ ಅನುಮಾನ ಇಲ್ಲದಂತೆ ತಿರುಗಿತ್ತು. ಉಳಿದ ಮೂರು ಕಲ್ಲಿಗೂ ಅದೇ ರಾತ್ರಿ ಬೆಳಕು ಹಿಡಿದೆವು. ನಾಲ್ಕರಲ್ಲೂ ೧೮೯೮.

ಅಂಕಿ ಓದುವಾಗ ಪುಸ್ತಕದ ಅಂಕಿಗೆ ಹೋಲಿಸಬೇಡಿ. ಅದೇ ಕಲ್ಲಿನಲ್ಲಿ, ಅದೇ ಕೈಯ ಗೊತ್ತಿರುವ ಅಂಕಿ ಹುಡುಕಿ. ವಯಸ್ಸು, ತಾರೀಖು, ವಚನದ ನಂಬರು, ಯಾವುದಾದರೊಂದು ಸಿಗುತ್ತದೆ.

8. ಸರಿಯಾದ ರಿಜಿಸ್ಟರು (ಏಪ್ರಿಲ್ 12)

1898ರ ಪುಸ್ತಕ ಅದೇ ಟ್ರಂಕಿನಲ್ಲಿ, ನಾನು ಐದು ವಾರ ಪಕ್ಕಕ್ಕೆ ಸರಿಸಿ ಇಡುತ್ತಿದ್ದ ಗಂಟಿನಲ್ಲಿತ್ತು. ಹತ್ತು ನಿಮಿಷದಲ್ಲಿ ಸಿಕ್ಕಿತು. ನಾಲ್ಕು ಹೆಸರು, ಹತ್ತೊಂಬತ್ತು ದಿನದೊಳಗೆ. ಗಂಡಸು, 54. ಅವನ ಹೆಂಡತಿ, 50. ಸೊಸೆ, 19. ಸೊಸೆಯ ಕೂಸು, ಎಂಟು ತಿಂಗಳು. ಕಾರಣದ ಕಾಲಂನಲ್ಲಿ ಮೂರು ಕಡೆ "ಪ್ಲೇಗು", ಕೂಸಿನ ಮುಂದೆ "ಜ್ವರ". ಸೊಸೆಯ ಗಂಡನ ಹೆಸರು ಮುತ್ಯಾನದು. ಮುತ್ಯಾನಿಗೆ ಮೊದಲು ಒಬ್ಬ ಹೆಂಡತಿ, ಒಂದು ಕೂಸು ಇತ್ತು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಪುಟಗಳನ್ನು ತಿರುವುತ್ತಾ ಹೋದರೆ ಬೇರೆ ಮನೆಗಳವರೂ ಹೀಗೇ. ಬರೆದವರ ಕೈ ಒಂದೇ, ಆದರೆ ಪುಟದಿಂದ ಪುಟಕ್ಕೆ ಅಕ್ಷರ ಕೆಡುತ್ತಾ ಹೋಗಿದೆ.

ಪ್ಲೇಗು 1896ರಲ್ಲಿ ಮುಂಬಯಿಗೆ ಬಂತು, ಆಮೇಲೆ ರೈಲು ದಾರಿ ಹಿಡಿಯಿತು. ಹುಬ್ಬಳ್ಳಿ ರೈಲಿನ ಜಂಕ್ಷನ್, ರೈಲಿನ ವರ್ಕ್‌ಶಾಪಿನ ಊರು. 1898ರಲ್ಲಿ ಇಲ್ಲಿ ಜನ ಬಹಳ ಸತ್ತರು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಆ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನಕ್ಕೆ ಚುಚ್ಚಿದ್ದರು. ಅದೇ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರು ಮುಟ್ಟಿತು. ಮನೆಯಲ್ಲಿ ಇಲಿ ಬಿತ್ತು ಅಂದ್ರೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗು ಬಿದ್ದ ಮನೆಗಳಿಗೆ ಅಧಿಕಾರಿಗಳು ಸುಣ್ಣ ಹೊಡೆಸುತ್ತಿದ್ದರು, ಒಳಗೆ ಗಾಳಿ ಬಿಸಿಲು ಬೀಳಲಿ ಅಂತ ಹಂಚು ಇಳಿಸುತ್ತಿದ್ದರು.

ಸೂರು ತೆಗೆಸಿದರು. ಆಮೇಲೆ ಊರು ಬಿಟ್ಟ.

ನಮ್ಮದೇ ಮನೆಯ ಹಂಚು ತೆಗೆಸಿದ ಕಾಗದ ನನ್ನ ಹತ್ತಿರ ಇಲ್ಲ. ಅದಕ್ಕಾಗಿ ವಂಶಾವಳಿಯ ಹಾಳೆಯಲ್ಲಿ ಸಾವುಗಳನ್ನು ಖಚಿತ ಅಂತಲೂ, ಸೂರಿನ ಮಾತನ್ನು "ಹೀಗಿರಬೇಕು" ಅಂತಲೂ ಬೇರೆ ಬೇರೆ ಬರೆದಿದ್ದೇನೆ. ಆದರೆ ಒಂದು ಮಾತು ಕಲ್ಲೇ ಹೇಳುತ್ತದೆ. ನಾಲ್ಕೂ ಕಲ್ಲು ಒಂದೇ ಕೈಯವು, ಅಂದ್ರೆ ಒಟ್ಟಿಗೆ ಮಾಡಿಸಿದ್ದು. ಆ ಮನೆಯಲ್ಲಿ ಉಳಿದವನು ಮುತ್ಯಾ ಒಬ್ಬನೇ. ಸಾಲ ಮಾಡಿ ಓಡಿಹೋದ ಅಂತ ನಾವು ನೂರು ವರ್ಷ ಅಂದುಕೊಂಡಿದ್ದ ಮನುಷ್ಯ, ಹೋಗುವ ಮೊದಲೋ ಆಮೇಲೆ ತಿರುಗಿ ಬಂದೋ, ನಾಲ್ಕು ಫರಸಿ ಕೊಂಡು, ಎಂಟು ತಿಂಗಳ ಕೂಸಿಗೂ ಒಂದು ಕಲ್ಲು ಕೆತ್ತಿಸಿದ್ದಾನೆ.

ಅವತ್ತೇ ವಾಟ್ಸಾಪ್ ಗುಂಪಿಗೆ ತಪ್ಪು ಒಪ್ಪಿಕೊಂಡು ಬರೆದೆ. ಹಳೆಯ ಹಾಳೆ ಅಷ್ಟರಲ್ಲಿ ಇನ್ನೂ ಎರಡು ಗುಂಪಿಗೆ ಹೋಗಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಅಳಿಸಲು ಹೇಳಬೇಕಾಯಿತು.

ನಿಮ್ಮ ಮನೆಯವರೂ ಮಿಶನ್ ಸಭೆಗಳಿಗೆ ಸೇರಿದವರಾದರೆ, ಊರಿನ ಸಭೆಯ ಟ್ರಂಕಿನ ಜೊತೆಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವನ್ನೂ ನೋಡಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ದಾಖಲೆಗಳ ಹಳೆಯ ಫೋಟೊಗಳು ಅಂತರ್ಜಾಲದಲ್ಲೇ ಸಿಗುತ್ತವೆ. ಕಲ್ಲಿನ ಮೇಲಿನ ಹಳೆಯ ಶಬ್ದ ತಿಳಿಯದಿದ್ದರೆ 1894ರ ಕಿಟ್ಟೆಲ್ ನಿಘಂಟು. ಈ ಕಲ್ಲುಗಳೂ ಆ ನಿಘಂಟೂ ಒಂದೇ ಕಾಲದ ಕನ್ನಡ. ಎರಡು ಕಲ್ಲಿನ ಮೇಲೆ "ಉಪದೇಶಿ" ಅಂತ ಇತ್ತು. ಅದು ಹೆಸರಲ್ಲ, ಸಭೆಯಲ್ಲಿ ಬೋಧನೆ ಮಾಡುತ್ತಿದ್ದವರ ಹುದ್ದೆ. ಮೊದಲು ಅಡ್ಡಹೆಸರು ಅಂತ ಪಟ್ಟಿ ಮಾಡಿದ್ದೆ.

9. ಒಡೆದ ಕಲ್ಲು (ಏಪ್ರಿಲ್ 19, ಮತ್ತೆ 28)

ನನ್ನ ಹಾರೆಯಿಂದ ಒಡೆದ ಒಂದನೇ ಕಲ್ಲನ್ನು ಕೂಡಿಸಬೇಕಿತ್ತು. ಸಿಮೆಂಟು ಬೇಡ ಅಂತ ಮೊದಲೇ ನಿಶ್ಚಯಿಸಿದ್ದೆ. ಅದೇ ಜಾಗದಲ್ಲಿ ಯಾರೋ ಹಿಂದೆ ಸಿಮೆಂಟು ಹಾಕಿದ ಒಂದು ಕಲ್ಲಿದೆ. ಸಿಮೆಂಟು ಗಟ್ಟಿಯಾಗಿ ನಿಂತಿದೆ, ಅದರ ಪಕ್ಕದ ಕಲ್ಲೇ ಚಕ್ಕೆ ಚಕ್ಕೆಯಾಗಿ ಎದ್ದಿದೆ. ಕೂಡಿಸುವ ಗಾರೆ ಕಲ್ಲಿಗಿಂತ ಮೆದುವಾಗಿರಬೇಕು. ಮುಂದೆ ಬಿರುಕು ಬಂದರೆ ಗಾರೆಯಲ್ಲಿ ಬರಲಿ, ಕಲ್ಲಿನಲ್ಲಿ ಅಲ್ಲ.

ಸುಟ್ಟ ಸುಣ್ಣದ ಹರಳನ್ನು ಮಾರ್ಚಿನಲ್ಲೇ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ಇಟ್ಟಿದ್ದೆವು. ಹರಳಿಗೆ ನೀರು ಹಾಕುವಾಗ ಕುದಿದು ಸಿಡಿಯುತ್ತದೆ, ಕನ್ನಡಕ ಹಾಕಿಕೊಂಡೇ ಮಾಡಬೇಕು. ಏಪ್ರಿಲ್ 19ರಂದು ಒಂದು ಪಾಲು ಸುಣ್ಣ, ಎರಡು ಪಾಲು ಮರಳು ಕಲಸಿ ಮಧ್ಯಾಹ್ನ ಹನ್ನೆರಡಕ್ಕೆ ತುಂಬಿದೆ. ಸಂಜೆ ಐದಕ್ಕೆ ಕೂದಲೆಳೆಯಂಥ ಬಿರುಕು. ಮರುದಿನ ಉಗುರಿನಿಂದ ಕಿತ್ತರೆ ಬಂತು.

ಎರಡನೇ ಸಲ ಒಬ್ಬ ಹಿರಿಯ ಗೌಂಡಿಯನ್ನು ಕರೆದುಕೊಂಡು ಬಂದೆ. ಅವರು ನನ್ನ ಗಾರೆ ಮುಟ್ಟಿ ನೋಡಿ, "ಸುಣ್ಣ ಜಾಸ್ತಿ ಆಗೇತ್ರಿ. ಕಲ್ಲ ಒಣಾ ಇದ್ದಾಗ ಹಚ್ಚೀರಿ, ನೀರೆಲ್ಲ ಕಲ್ಲ ಕುಡದೈತಿ" ಅಂದರು. ಈ ಸಲ ಒಂದಕ್ಕೆ ಮೂರು. ತೊಳೆದ ಮರಳು. ಕಲ್ಲಿನ ಒಡೆದ ಅಂಚಿಗೆ ಬೆಳಗ್ಗಿನಿಂದ ನಾಲ್ಕು ಸಲ ನೀರು ಕುಡಿಸಿದೆವು. ಸಂಜೆ ನಾಲ್ಕರ ಮೇಲೆ ಕೆಲಸ. ಎರಡು ತುಂಡನ್ನೂ ಮೂರು ಇಂಚು ಮರಳಿನ ಹಾಸಿನ ಮೇಲೆ ಮಟ್ಟವಾಗಿ ಮಲಗಿಸಿ, ನಡುವೆ ಗಾರೆ ತುಂಬಿ, ಅಕ್ಷರಕ್ಕೆ ಅಂಟಿದ್ದನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಮೇಲೆ ಗೋಣಿಚೀಲ. ಏಳು ದಿನ, ದಿನಕ್ಕೆ ಮೂರು ಸಲ ನೀರು. ಪಕ್ಕದ ಹೊಲದವರು ಬೆಳಗ್ಗೆ ಮಧ್ಯಾಹ್ನ ಹಾಕಿದರು, ಸಂಜೆ ನಾನು ಹೋಗುತ್ತಿದ್ದೆ.

ಖರ್ಚು ಇಲ್ಲೇ ಬರೆದುಬಿಡುತ್ತೇನೆ. ಆಳು 2,800. ಗೌಂಡಿ ಎರಡು ದಿನ 2,000. ಸ್ಪ್ರೇಯರ್ 1,250. ನೀರು 900. ಮೊಬೈಲ್ ಸ್ಟ್ಯಾಂಡ್ 900. ಸುಣ್ಣ, ಮರಳು 650. ಟಾರ್ಚು 380. ಬ್ರಷ್ ಆರು 270. ಗೋಣಿಚೀಲ ಹತ್ತು 200. ಗ್ರಾಫ್ ಹಾಳೆ, ಪುಸ್ತಕ 150. ಒಟ್ಟು 9,500 ರೂಪಾಯಿ, ಪೆಟ್ರೋಲ್ ಬಿಟ್ಟು. ಸ್ಟ್ಯಾಂಡಿನ ಬದಲು ಎರಡು ಇಟ್ಟಿಗೆ ಸಾಲು, ಮೇಲೊಂದು ಪಟ್ಟಿ ಇಟ್ಟರೂ ನಡೆಯುತ್ತದೆ. ನೀರಿಗೆ ಮಾತ್ರ ಕಂಜೂಸಿ ಮಾಡಬೇಡಿ.

10. ಮೇ 3

ದೊಡ್ಡವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಗೇಟಿನಿಂದ ಸಾಲಿನವರೆಗೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು, ಹತ್ತು ಹೆಜ್ಜೆಗೊಮ್ಮೆ ಕೂರಿಸುತ್ತಾ ನಡೆದೆವು. ಮೂರನೇ ಕಲ್ಲಿನ ಹತ್ತಿರ ಕೂತಳು. ಬಗ್ಗಿ ಕೈಯಿಂದ ಅಕ್ಷರ ಸವರಿದಳು. ಕಣ್ಣು ಈಗ ಮಂಜು, ಓದಲು ಆಗುವುದಿಲ್ಲ.

"ಇಕಿ ಹೆಸರ ಏನೈತಿ?"

ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು.

"ನಮ್ಮಕ್ಕನ ಹೆಸರು. ಮುತ್ಯಾನ ಇಟ್ಟಿದ್ದ. ನಮ್ಮವ್ವ ಬ್ಯಾರೆ ಹೆಸರು ಅಂದ್ರ ಕೇಳಿರಲಿಲ್ಲಂತ."

ಅರ್ಧ ಅಳತೆಯ ಕಲ್ಲನ್ನು ತೋರಿಸಿ ಅದು ಕೂಸಿನದಾ ಅಂತ ಕೇಳಿದಳು. ಹೌದು ಅಂದೆ. ಆಮೇಲೆ ಒಂದನೇ ಕಲ್ಲಿನ ಮೇಲಿನ ಗೋಣಿಚೀಲವನ್ನು ಕೈಯಿಂದ ಮುಟ್ಟಿ ನೋಡಿದಳು.

"ಒಣಗಾಕತ್ತೈತಲ್ಲೋ. ನೀರ ಹಾಕು."